ಲಿಡಿಯಾ ಬಗ್ಗೆ ಕೇಳುವವರಿಗೆಲ್ಲ

"ಅವರಿಬ್ಬರ ಮಧ್ಯೆ ಏನೋ ಇತ್ತಂತಲ್ಲ?"

ಊರಿಂದ ಯಾರೇ ಬರಲಿ, ಲ್ಯಾಂಕಾಸ್ಟರ್‌ನಲ್ಲಿರುವ ಥಡಿಯಸ್ ಸ್ಟೀವನ್ಸ್ ಸಮಾಧಿಗೆ ಕರೆದುಕೊಂಡು ಹೋಗುವುದು ನನ್ನ ಚಟ. ಪೆನ್ಸಿಲ್ವೇನಿಯಾದ ಈ ವಕೀಲ ಗುಲಾಮಗಿರಿಯ ವಿರುದ್ಧ ಅಮೆರಿಕದ ಸಂಸತ್ತಿನಲ್ಲಿ ಗುಡುಗಿದವನು. ಬಂದವರು ಕೇಳುವುದು ಮಾತ್ರ ಅವನ ಮನೆ ನೋಡಿಕೊಳ್ಳುತ್ತಿದ್ದ ಲಿಡಿಯಾ ಸ್ಮಿತ್ ವಿಷಯ. ಆ 'ಏನೋ' ಅನ್ನುವಾಗ ಹುಬ್ಬು ಹಾರುತ್ತದಲ್ಲ, ಅದನ್ನು ಕಂಡರೆ ನನಗಾಗದು.

ಉತ್ತರ ಬರೆದುಕೊಳ್ಳಿ. ಇತ್ತು ಅನ್ನಲು ಪುರಾವೆಯಿಲ್ಲ, ಇರಲಿಲ್ಲ ಅನ್ನಲೂ ಇಲ್ಲ. ಲಿಡಿಯಾ ಮಿಶ್ರವರ್ಣದವಳು, ಇಬ್ಬರು ಗಂಡುಮಕ್ಕಳ ತಾಯಿ. ಸುಮಾರು ಇಪ್ಪತ್ತು ವರ್ಷ ಆ ಮನೆಯಲ್ಲಿದ್ದಳು. ಅವನು 'ಮಿಸೆಸ್ ಸ್ಮಿತ್' ಎಂದೇ ಕರೆಯುತ್ತಿದ್ದ. ಉಯಿಲಿನಲ್ಲಿ ಅವಳಿಗೆ ವರ್ಷಕ್ಕೆ 500 ಡಾಲರ್, ಬೇಡವೆಂದರೆ ಒಟ್ಟಿಗೆ 5000. ಆಯ್ಕೆ ಅವಳದೇ. ಸಾಕಾ?

ಹೋದ ವರ್ಷ ಭಾವ ಬಂದಿದ್ದರು, ಅವರೂ ವಕೀಲರು. ಸಮಾಧಿಯ ಕಲ್ಲಿನ ಮೇಲಿರುವುದನ್ನು ನಾನು ಕನ್ನಡ ಮಾಡಿ ಓದುತ್ತಿದ್ದೆ: ಬೇರೆ ಸ್ಮಶಾನಗಳ ನಿಯಮದಲ್ಲಿ ಜನಾಂಗದ ಕಟ್ಟುಪಾಡು ಇದ್ದುದರಿಂದ ಈ ಜಾಗ ಆರಿಸಿಕೊಂಡೆ... ಭಾವ ನಡುವೆ ಬಾಯಿ ಹಾಕಿದರು. "ಅದಿರಲಿ, ಆಯಮ್ಮನ ಕಥೆ ಏನು?" ನಾನು ಓದುವುದನ್ನೇ ಬಿಟ್ಟು ಕಾರಿನ ಕಡೆ ನಡೆದೆ. ಅತಿಥಿ ಎದುರು ಹಾಗೆ ಮಾಡಬಾರದಿತ್ತು, ಒಪ್ಪುತ್ತೇನೆ.

ಆದರೆ ವಕೀಲರಾದವರು ಕೇಳಬೇಕಾದದ್ದು ಚಾರಿಟಿ ಬಟ್ಲರ್ ಎಂಬ ಗುಲಾಮ ಹೆಣ್ಣಿನ ವಿಷಯ. ಹೊರರಾಜ್ಯದವರು ಗುಲಾಮರನ್ನು ತಂದು ಪೆನ್ಸಿಲ್ವೇನಿಯಾದಲ್ಲಿ ಆರು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ 1780ರ ಕಾಯ್ದೆಯಂತೆ ಆ ಗುಲಾಮರು ಸ್ವತಂತ್ರರು. ಚಾರಿಟಿ ಅಲ್ಲಿಗೆ ಬಂದುಹೋಗಿದ್ದ ದಿನಗಳನ್ನು ಕೂಡಿದರೆ ಅಷ್ಟಾಗುತ್ತಿತ್ತು. ಬಿಡಿದಿನಗಳನ್ನು ಕೂಡಿಸುವ ಹಾಗಿಲ್ಲ, ಒಂದೇ ಸಮನೆ ಇದ್ದಿರಬೇಕು ಎಂದು ವಾದಿಸಿ, 1821ರಲ್ಲಿ ಕೇಸು ಗೆದ್ದದ್ದು ಇದೇ ಸ್ಟೀವನ್ಸ್. ಮಾಲೀಕನ ಪರ! ಅವಳು ಮತ್ತೆ ಗುಲಾಮಳಾದಳು.

ಮುಂದೆ ಓಡಿಬಂದ ಗುಲಾಮರ ಪರ ಕೋರ್ಟಿನಲ್ಲಿ ನಿಂತ. 1838ರಲ್ಲಿ ಬಿಳಿಯರಿಗಷ್ಟೇ ಮತ ಎಂದ ರಾಜ್ಯದ ಸಂವಿಧಾನಕ್ಕೆ ಸಹಿ ಹಾಕಲಿಲ್ಲ. ಕಾನೂನಿನ ಮುಂದೆ ಎಲ್ಲರಿಗೂ ಸಮಾನ ರಕ್ಷಣೆ ಎನ್ನುವ, ಅಮೆರಿಕದ ಸಂವಿಧಾನದ ಹದಿನಾಲ್ಕನೇ ತಿದ್ದುಪಡಿಗಾಗಿ ಬಡಿದಾಡಿದ. 1868ರಲ್ಲಿ ಅಧ್ಯಕ್ಷ ಜಾನ್ಸನ್‌ನನ್ನು ಪದವಿಯಿಂದ ಇಳಿಸಲು ನಡೆದ ವಿಚಾರಣೆಗೆ ಅವನನ್ನು ಕುರ್ಚಿಯಲ್ಲಿ ಹೊತ್ತುತಂದರು, ನಡೆಯುವ ಶಕ್ತಿ ಇರಲಿಲ್ಲ. ಇಷ್ಟೆಲ್ಲದರ ಹಿಂದೆ ಚಾರಿಟಿ ಇದ್ದಳಾ? ಇದ್ದಳೆಂದೇ ನನ್ನ ಹಟ, ರುಜುವಾತು ಕೇಳಬೇಡಿ.

ಮನೆಗೆ ಮರಳುವಾಗ ಭಾವನಿಗೆ ಇದನ್ನೆಲ್ಲ ಹೇಳಿದೆ. "ನೀವಾಗಿದ್ದರೆ ಆ ವಕಾಲತ್ತು ಹಾಕುತ್ತಿದ್ದಿರಾ?" ಎಂದೆ.

ಎರಡು ಸಿಗ್ನಲ್ ದಾಟುವವರೆಗೂ ಸುಮ್ಮನಿದ್ದರು.

"ಫೀಸು ಎಷ್ಟು ಕೊಟ್ಟಿದ್ದರಂತೆ?"