ತಲೆಯ ಮೇಲೆ ಕೇಳಿದ ಸದ್ದು: ತರಬೇತಿ ಹೆಲಿಕಾಪ್ಟರಿನ ಒಂದು ಒರಟು ಇಳಿತ

ತರಬೇತಿಗೆ ಬಳಸುವ ಬೆಲ್ 206 ಹೆಲಿಕಾಪ್ಟರುಗಳ ನಿರ್ವಹಣೆ ನನ್ನ ಕೆಲಸ. ಮುರಿದು ಬಿದ್ದ ಯಂತ್ರಕ್ಕಿಂತ, ನೆಲಕ್ಕೆ ಜೋರಾಗಿ ಬಡಿದ ಮೇಲೂ ಏನೂ ಆಗದಂತೆ ನಿಂತಿರುವ ಯಂತ್ರವೇ ನನಗೆ ಹೆಚ್ಚು ಚಿಂತೆ ತರುತ್ತದೆ.

ನಾನು ಕಂಡ ಇಂಥ ಇಳಿತಗಳು ಹೆಚ್ಚಾಗಿ ಆಟೊರೊಟೇಶನ್ ಅಭ್ಯಾಸದಲ್ಲಿ ಆದವು. ಎಂಜಿನ್ ನಿಂತಾಗ ಇಳಿಯುವುದನ್ನು ಕಲಿಸಲು ಬೋಧಕರು ಎಂಜಿನ್ ಬಲವನ್ನು ನಿಯಂತ್ರಿಸುವ ಥ್ರಾಟಲನ್ನು ಐಡಲ್‌ಗೆ, ಅಂದರೆ ಕನಿಷ್ಠ ಮಟ್ಟಕ್ಕೆ, ತರುತ್ತಾರೆ. ಕೆಳಗಿನಿಂದ ಮೇಲಕ್ಕೆ ಹಾಯುವ ಗಾಳಿಯೇ ಆಗ ರೋಟರನ್ನು ತಿರುಗಿಸುತ್ತದೆ, ಮತ್ತು ಅದರ ವೇಗವನ್ನು ಮಾಮೂಲಿನ ಶೇಕಡ 90ರಿಂದ 107ರ ನಡುವೆ ಕಾಯ್ದುಕೊಳ್ಳಬೇಕಾಗುತ್ತದೆ. ನೆಲ ಹತ್ತಿರವಾದಾಗ ಮೂತಿ ಎತ್ತಿ ವೇಗ ತಗ್ಗಿಸಿ, ಮತ್ತೆ ಸಮತಟ್ಟಾಗಿಸಿ, ಕೊನೆಯ ಕೆಲವು ಅಡಿಗಳಲ್ಲಿ ರೋಟರಿನ ಅಲಗುಗಳ ಕೋನವನ್ನು ಒಟ್ಟಿಗೆ ಹೆಚ್ಚಿಸುವ ಕಲೆಕ್ಟಿವ್ ಸನ್ನೆಯನ್ನು ಎಳೆದು, ರೋಟರಿನಲ್ಲಿ ಉಳಿದ ಶಕ್ತಿಯಿಂದ ಮೆತ್ತಗೆ ಕೂರಿಸಬೇಕು. ಎರಡನೆಯ ಸಲ ಎಳೆಯಲು ಶಕ್ತಿ ಉಳಿದಿರುವುದಿಲ್ಲ. ತುಸು ಮೇಲೆಯೇ ಎಳೆದುಬಿಟ್ಟರೆ ರೋಟರ್ ಸೋತು, ಉಳಿದಷ್ಟು ಎತ್ತರದಿಂದ ಹೆಲಿಕಾಪ್ಟರ್ ಕುಸಿಯುತ್ತದೆ.

ಹಾಗೆ ಕುಸಿದ ಒಂದು ದಿನ ಬೋಧಕರು, "ಸ್ವಲ್ಪ ಹೆವಿ ಆಯ್ತು, ಅಷ್ಟೇ" ಎಂದರು. ಹೊರಗಿನಿಂದ ಸುತ್ತಿ ನೋಡಿದರೆ ಅವರ ಮಾತು ಸರಿಯೆನಿಸುವಂತಿತ್ತು. ಹಿಂದೆ ನಿಂತಿದ್ದ ಶಿಕ್ಷಣಾರ್ಥಿ ಮಾತ್ರ ಅಳುಕುತ್ತಲೇ, "ಸರ್, ನೆಲ ಮುಟ್ಟಿದಾಗ ತಲೆಯ ಮೇಲೆ ಏನೋ ಡಬ್ ಅಂತು" ಎಂದ.

ಈ ಮಾದರಿಯಲ್ಲಿ ಆ ಸದ್ದಿಗೆ ಅರ್ಥವಿದೆ. ರೋಟರನ್ನು ಹೊತ್ತ ಗೇರ್‌ಬಾಕ್ಸನ್ನು ಕಂಪನ ಒಳಗೆ ಇಳಿಯದಂತೆ ಅಲುಗಾಡಲು ಬಿಟ್ಟು ಛಾವಣಿಯ ಮೇಲೆ ಕೂರಿಸಿರುತ್ತಾರೆ, ಮತ್ತು ಆ ಅಲುಗಾಟಕ್ಕೆ ಮಿತಿಯಾಗಿ ಅದರ ಅಡಿಯ ಪಿನ್ ಛಾವಣಿಗೆ ಜೋಡಿಸಿದ ತಡೆಯ ಚೌಕ ರಂಧ್ರದೊಳಗೆ ಇರುತ್ತದೆ. ಗೇರ್‌ಬಾಕ್ಸ್ ವಿಪರೀತ ತೂಗಾಡಿದರೆ ಪಿನ್ ರಂಧ್ರದ ಅಂಚಿಗೆ ಬಡಿಯುತ್ತದೆ. ಪೈಲಟರು ಇದನ್ನು ಸ್ಪೈಕ್ ನಾಕ್ ಎನ್ನುತ್ತಾರೆ. ಅದು ಕೇಳಿಸಿದರೆ ತಪಾಸಣೆಯಿಲ್ಲದೆ ಮತ್ತೆ ಹಾರಿಸುವಂತಿಲ್ಲ.

ತಪಾಸಣೆ ಪೆಟ್ಟು ಸಾಗಿದ ದಾರಿಯಲ್ಲೇ ಸಾಗುತ್ತದೆ. ಹೆಲಿಕಾಪ್ಟರ್ ನೆಲದ ಮೇಲೆ ನಿಲ್ಲುವ ಉದ್ದ ಕೊಳವೆಗಳಾದ ಸ್ಕಿಡ್‌ಗಳನ್ನು ಜೋಡಿಸುವ ಕ್ರಾಸ್ ಟ್ಯೂಬುಗಳು ತಾವು ಬಾಗಿ ಪೆಟ್ಟನ್ನು ನುಂಗಲೆಂದೇ ಇರುವುದರಿಂದ ಅವು ಹೊರಕ್ಕೆ ಎಷ್ಟು ಚಾಚಿಕೊಂಡಿವೆ ಎಂಬುದನ್ನು ಮೊದಲು ಅಳೆಯುತ್ತೇವೆ. ಹಿಂದಿನ ಟ್ಯೂಬು ಕೈಪಿಡಿಯ ಮಿತಿಯನ್ನು ದಾಟಿತ್ತು. ಮೇಲೆ, ತಡೆಯ ಅಂಚಿನಲ್ಲಿ ಹೊಸ ಗುರುತಿತ್ತು. ಹೆಲಿಕಾಪ್ಟರಿನ ದೇಹ ನೆಲ ಮುಟ್ಟಿ ನಿಂತರೂ ಮೇಲಿನ ಭಾರವೂ ಹಿಂದಿನ ಬಾಲವೂ ಇನ್ನೂ ಕೆಳಗೆ ಬರುತ್ತಲೇ ಇರುತ್ತವೆ. ಆದ್ದರಿಂದ ಬಾಲದ ತೊಲೆಯಾದ ಟೇಲ್ ಬೂಮ್‌ನ ಬೋಲ್ಟುಗಳು, ತಗಡಿನ ಸುಕ್ಕು, ರಿವೆಟ್ಟುಗಳು, ಟೇಲ್ ರೋಟರ್ ಶಾಫ್ಟು ಎಲ್ಲವನ್ನೂ ನೋಡಬೇಕಾಯಿತು. ಅವು ಸರಿಯಿದ್ದವು. ಇದಕ್ಕೂ ಮುಂಚೆ, ತುರ್ತು ಟ್ರಾನ್ಸ್‌ಮಿಟರ್ ಪೆಟ್ಟು ಬಿದ್ದು ತಾನೇ ಚಾಲೂ ಆಗಿಲ್ಲವೆಂದು 121.5 ಮೆಗಾಹರ್ಟ್ಸ್‌ನಲ್ಲಿ ಕೇಳಿ ಖಚಿತಪಡಿಸಿಕೊಂಡಿದ್ದೆವು. ಅದು ಚಾಲೂ ಆಗಿದ್ದಿದ್ದರೆ ಅದರ 406 ಮೆಗಾಹರ್ಟ್ಸ್ ಸಂಕೇತ ಉಪಗ್ರಹದ ಮೂಲಕ ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್‌ನಲ್ಲಿರುವ ಕೇಂದ್ರ ಮುಟ್ಟಿ, ಸುಮ್ಮಸುಮ್ಮನೆ ಹುಡುಕಾಟ ಶುರುವಾಗುತ್ತಿತ್ತು.

ಅಂದಿನಿಂದ ಇಳಿತ ಜೋರಾಗಿತ್ತೇ ಎಂದು ನಾನು ಕೇಳುವುದನ್ನು ಬಿಟ್ಟಿದ್ದೇನೆ, ಏಕೆಂದರೆ ಆ ಪ್ರಶ್ನೆಗೆ ಬರುವುದು ತೀರ್ಪು, ಮಾಹಿತಿಯಲ್ಲ. ಯಾವ ಸ್ಕಿಡ್ ಮೊದಲು ತಾಗಿತು, ರೋಟರ್ ವೇಗ ಎಷ್ಟಕ್ಕೆ ಇಳಿದಿತ್ತು, ಏನು ಕೇಳಿಸಿತು ಎಂದು ಇಬ್ಬರನ್ನೂ ಬೇರೆ ಬೇರೆಯಾಗಿ, ಶಿಕ್ಷಣಾರ್ಥಿಯನ್ನು ಮೊದಲು, ಕೇಳುತ್ತೇನೆ. ಹಿರಿಯ ಬೋಧಕರಲ್ಲಿ ಕೆಲವರಿಗೆ ಈ ಕ್ರಮ ಇಂದಿಗೂ ಹಿಡಿಸಿಲ್ಲ. ಯಂತ್ರದ ದೋಷಗಳನ್ನು ದಾಖಲಿಸುವ ಟೆಕ್ ಲಾಗ್‌ನಲ್ಲಿ ಒಂದು ಸಾಲು ಬಿದ್ದರೆ ಮರುದಿನದ ಹಾರಾಟಗಳು ರದ್ದಾಗುತ್ತವೆ ಎಂಬ ಅವರ ದೂರು ನಿಜವೇ. ಆದರೂ ಆ ಸಾಲನ್ನು ಅವರ ಕೈಯಿಂದಲೇ ಬರೆಸುತ್ತೇನೆ.