ಎರಡು ಕಾಲಮ್ಮಿಗೆ ಹಿಡಿಯದ ಪದ

ಕಾರವಾರದ ಪತ್ರಿಕೆಯೊಂದರ ಡೆಸ್ಕಿಗೆ ಸೇರಿ ಎರಡನೇ ತಿಂಗಳು. ಒಂದೇ ಪುಟಕ್ಕೆ ಎರಡು ಸುದ್ದಿ ಬಂದವು: ಮುಂಡಗೋಡಿನ ಟಿಬೆಟನ್ ಕ್ಯಾಂಪಿನದು ಒಂದು, ಸೀಬರ್ಡ್ ನೌಕಾನೆಲೆಗೆ ಭೂಮಿ ಹೋದವರ ಪರಿಹಾರದ್ದು ಇನ್ನೊಂದು. ಎರಡರ ಹೆಡ್ಡಿಂಗಿನಲ್ಲೂ 'ನಿರಾಶ್ರಿತರು' ಎಂದು ಹಾಕಿ ಪುಟ ಬಿಟ್ಟೆ.

ಮರುದಿನ ತೋಡೂರಿನ ಪುನರ್ವಸತಿ ಕಾಲನಿಯಿಂದ ಅಜ್ಜರೊಬ್ಬರು ಪೇಪರ್ ಮಡಚಿ ಹಿಡಿದುಕೊಂಡೇ ಬಂದರು.

"ತಮಾ, ನಾವೆಂತ ಬೇರೆ ದೇಶದಿಂದ ಓಡಿ ಬಂದವ್ರಾ? ಆರ್ಗಾದಿಂದ ತೋಡೂರಿಗೆ ಬಸ್ಸಿಗೆ ಎಷ್ಟೊತ್ತು?"

ನನ್ನ ಬಳಿ ಉತ್ತರ ಇರಲಿಲ್ಲ. ಚಹಾ ತರಿಸಿದೆ, ಕುಡಿಯಲಿಲ್ಲ.

ಅವರು ಹೋದ ಮೇಲೆ ಕೂತು ಯೋಚಿಸಿದೆ. ಕಿರುಕುಳಕ್ಕೆ ಹೆದರಿ ಗಡಿ ದಾಟಿದವರು ನಿರಾಶ್ರಿತರು. 1951ರ ವಿಶ್ವಸಂಸ್ಥೆಯ ಒಪ್ಪಂದ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಭಾರತ ಅದಕ್ಕೆ ಸಹಿ ಹಾಕಿಲ್ಲ, ಆದರೂ 1966ರಿಂದ ಮುಂಡಗೋಡಿನಲ್ಲಿ ಟಿಬೆಟನ್ನರಿಗೆ ಜಾಗ ಕೊಟ್ಟಿದೆ. ಅಜ್ಜ ಯಾವ ಗಡಿಯನ್ನೂ ದಾಟಿದವರಲ್ಲ. 1986ರಲ್ಲಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟ ನೌಕಾನೆಲೆಗೆ ಆರ್ಗಾದಲ್ಲಿದ್ದ ಅವರ ಮನೆ, ತೆಂಗು, ದೋಣಿ ಎಳೆಯುತ್ತಿದ್ದ ದಂಡೆ ಎಲ್ಲ ಹೋಯಿತು. ಇಂಥವರಿಗೆ 'ನಿರ್ವಸಿತರು' ಎನ್ನಬೇಕು. ನಿರಾಶ್ರಿತ ಕೇಳುವುದು ಆಶ್ರಯ, ಕೊಡುವವನ ದೊಡ್ಡ ಮನಸ್ಸು. ನಿರ್ವಸಿತ ಕೇಳುವುದು ತನ್ನ ಬಾಕಿ. ಪರಿಹಾರ ಹೆಚ್ಚಿಸಿ ಎಂದು ವರ್ಷಗಟ್ಟಲೆ ಕೋರ್ಟಿಗೆ ಅಲೆದವರನ್ನು ನಾನು ಒಂದೇ ಪದದಲ್ಲಿ ಕೈಚಾಚಿ ನಿಂತವರನ್ನಾಗಿ ಮಾಡಿದ್ದೆ.

ಸರಿ, ಇನ್ನು ಮೇಲೆ 'ನಿರ್ವಸಿತ' ಎಂದು ಡೆಸ್ಕಿನಲ್ಲಿ ಘೋಷಿಸಿದೆ. ಮರಾಠಿ ಶಾಲೆಯಲ್ಲಿ ಓದಿದ ನಮ್ಮ ಸದಾಶಿವಗಡದ ಪೇಜ್ ಡಿಸೈನರ್ ನಕ್ಕುಬಿಟ್ಟರು. ಮರಾಠಿಯಲ್ಲಿ 'ನಿರ್ವಾಸಿತ' ಅಂದರೆ ಗಡಿ ದಾಟಿ ಬಂದವನೇ! ಕೊಂಕಣಿ, ಮರಾಠಿ, ಕನ್ನಡ ಮೂರನ್ನೂ ಬಲ್ಲ ಓದುಗರಿರುವ ಊರಲ್ಲಿ ನನ್ನ ಶಬ್ದಕೋಶದ ಪಾಂಡಿತ್ಯ ಅರ್ಧ ದಿನವೂ ಬಾಳಲಿಲ್ಲ. ಇನ್ನೊಂದು ತಮಾಷೆ: ಭೂಮಿ ಹೋದವರ ಸಂಘದ ಮನವಿ ಪತ್ರಗಳಲ್ಲೇ 'ಸೀಬರ್ಡ್ ನಿರಾಶ್ರಿತರು' ಎಂದಿರುತ್ತದೆ. ಕಚೇರಿಗಳಲ್ಲಿ ರೂಢಿಯಾದ ಪದ, ಅವರೇನು ಮಾಡಿಯಾರು. ಮನವಿಯ ಸಾಲನ್ನು ಉಲ್ಲೇಖಿಸುವಾಗ ಅದನ್ನು ತಿದ್ದುವುದಿಲ್ಲ.

ನಮ್ಮ ವಾಕ್ಯಗಳಲ್ಲಿ ಮಾತ್ರ ಈಗ 'ಸೀಬರ್ಡಿಗೆ ಭೂಮಿ ಕೊಟ್ಟವರು' ಎಂದು ಬರೆಯುತ್ತೇನೆ. ಎರಡು ಕಾಲಮ್ಮಿಗೆ ಹಿಡಿಯುವುದಿಲ್ಲ, ಅಕ್ಷರದ ಸೈಜು ಇಳಿಸಬೇಕು. ಡಿಸೈನರ್ ಗೊಣಗುತ್ತಾರೆ. ಅಜ್ಜ ಮುಂದೊಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಅದಕ್ಕೂ ತಕರಾರು ತೆಗೆದರು:

"ಕೊಟ್ಟವ್ರಲ್ಲ ತಮಾ, ತಕಂಡದ್ದು."