ಲೋಕಲ್‌ನಿಂದ ಬಿದ್ದ ಭಾವ, ಆಮೇಲಿನ ಕಾಗದಗಳು

ನಮ್ಮ ಭಾವ, ಅಕ್ಕನ ಗಂಡ, ತೀರಿಕೊಂಡದ್ದು ಮುಂಬೈಯ ಲೋಕಲ್ ರೈಲಿನಿಂದ ಬಿದ್ದು. ದಾದರಿನ ಹೋಟೆಲ್ ಒಂದರಲ್ಲಿ ಕ್ಯಾಷಿಯರ್, ಮನೆ ಡೊಂಬಿವಿಲಿಯಲ್ಲಿ, ವಯಸ್ಸು 38. ಬೆಳಗಿನ ಗರ್ದಿಯಲ್ಲಿ ಒಳಗೆ ಜಾಗ ಎಲ್ಲಿ ಸಿಗುತ್ತದೆ? ಬಾಗಿಲಲ್ಲೇ ನಿಂತಿದ್ದರು. 2025ರ ಜೂನ್ 9ರಂದು ಮುಂಬ್ರಾ ಹತ್ತಿರ ಎರಡು ಲೋಕಲ್‌ಗಳಿಂದ ಜನ ಬಿದ್ದು ಸತ್ತಾಗ ದೇಶಕ್ಕೆಲ್ಲ ಸುದ್ದಿಯಾಯಿತು. ಒಬ್ಬರೇ ಬಿದ್ದರೆ ಪೇಪರಿನ ಮೂಲೆಯಲ್ಲೂ ಬರುವುದಿಲ್ಲ.

ದುಃಖದ ಬಗ್ಗೆ ಬರೆಯುವುದು ನನ್ನಿಂದ ಆಗದು. ಕಾಗದಗಳ ಬಗ್ಗೆ ಬರೆಯುತ್ತೇನೆ. ಮುಂಬೈಯಲ್ಲಿರುವ ನಮ್ಮ ಕನ್ನಡದ ಜನಕ್ಕೆ ಅದು ಜಾಸ್ತಿ ಬೇಕು.

ಆಸ್ಪತ್ರೆಗೆ ಮೊದಲು ಓಡಿದ್ದು ಭಾವನ ಅಣ್ಣ. ಕುಂದಾಪುರದ ಕಡೆಯವರು. ಮರಾಠಿ ಚೆನ್ನಾಗಿ ಮಾತಾಡುತ್ತಾರೆ, ಆದರೆ ಗಡಿಬಿಡಿಯ ಕೈಬರಹ ಓದಲು ಬರುವುದಿಲ್ಲ. ಪೊಲೀಸರು ಬರೆದ ಪಂಚನಾಮೆಗೆ ತೋರಿಸಿದಲ್ಲಿ ಸಹಿ ಹಾಕಿ ಹೆಣ ಬಿಡಿಸಿಕೊಂಡು ಬಂದರು. ಅಂಥ ಹೊತ್ತಿನಲ್ಲಿ ಯಾರು ತಾನೇ ಓದುತ್ತಾರೆ? ಕ್ರಿಯೆಯೆಲ್ಲ ಮುಗಿದ ಮೇಲೆ ನಾನು ನಕಲು ತರಿಸಿದೆ. ಹಳಿ ದಾಟುವಾಗ ರೈಲು ಬಡಿದು ಸತ್ತರು ಅಂತ ಬರೆದಿತ್ತು. ಹಾಗಂತ ಕಣ್ಣಾರೆ ಕಂಡವರು ಯಾರೂ ಇರಲಿಲ್ಲ. ಹಳಿ ಪಕ್ಕ ಹೆಣ ಸಿಕ್ಕಿತ್ತು, ಅಷ್ಟೇ.

ಆ ಒಂದು ಸಾಲಿನ ಬೆಲೆ 8 ಲಕ್ಷ ರೂಪಾಯಿ. 1989ರ ರೈಲ್ವೆ ಕಾಯ್ದೆಯಲ್ಲಿ 124ಎ ಅಂತ ಒಂದು ಕಲಂ ಇದೆ. ಪ್ರಯಾಣಿಕ ರೈಲಿನಿಂದ ಆಕಸ್ಮಿಕವಾಗಿ ಬಿದ್ದು ಸತ್ತರೆ, ತಪ್ಪು ಯಾರದ್ದೇ ಇರಲಿ, ರೈಲ್ವೆ ಪರಿಹಾರ ಕೊಡಬೇಕು. ಮೊದಲು 4 ಲಕ್ಷ ಇತ್ತು, 2017ರ ಜನವರಿಯಿಂದ 8 ಲಕ್ಷ. ಆತ್ಮಹತ್ಯೆ, ಕುಡಿದ ಅಮಲು, ಅಪರಾಧ ಮಾಡುವಾಗ ಆದದ್ದು, ಕಾಯಿಲೆಯ ಸಾವು ಇವಕ್ಕೆಲ್ಲ ಇಲ್ಲ. ಹಳಿ ದಾಟುವವನು ಪ್ರಯಾಣಿಕನೇ ಅಲ್ಲ ಅಂತಾಗುತ್ತದೆ. ಅವನ ಮನೆಯವರಿಗೆ ಈ ಕಲಂನಲ್ಲಿ ಸೊನ್ನೆ.

ಮುಂಬೈ ಲೋಕಲ್‌ನಲ್ಲಿ ದಿನವೂ ಓಡಾಡುವವರಿಗೆ ಒಂದು ಗ್ರೂಪ್ ಇರುತ್ತದೆ, ಅದೇ ಗಾಡಿ, ಅದೇ ಡಬ್ಬ, ಅದೇ ಬಾಗಿಲು. ನಮ್ಮನ್ನು ಉಳಿಸಿದ್ದು ಅವರು. ಭಾವ ಕೈಜಾರಿದ್ದನ್ನು ನೋಡಿದ ಗೆಳೆಯರೊಬ್ಬರು ಅಫಿಡವಿಟ್ ಬರೆದುಕೊಟ್ಟರು. ಪೊಲೀಸರಿಗೆ ಅಕ್ಕನ ಹೇಳಿಕೆ ಬೇರೆಯಾಗಿ ಕೊಡಿಸಿದೆವು. ಸ್ಟೇಷನ್ ಮಾಸ್ಟರ್ ಕೊಟ್ಟ ಮೆಮೊ, ಪೋಸ್ಟ್‌ಮಾರ್ಟಂ ವರದಿ, ಎಲ್ಲದರ ನಕಲು ತೆಗೆಸಿದೆವು. ನನ್ನ ಮಾತು ಕೇಳುವುದಾದರೆ, ಸಹಿ ಹಾಕುವ ಮೊದಲು ಮರಾಠಿ ಓದಬಲ್ಲ ಯಾರನ್ನಾದರೂ ಕರೆಯಿರಿ. ಪಕ್ಕದ ಮನೆಯ ಕಾಲೇಜು ಹುಡುಗಿಯಾದರೂ ಸರಿ.

ಪಾಸ್ ಇದ್ದದ್ದು ಮೊಬೈಲಿನಲ್ಲಿ, ಮೊಬೈಲ್ ಸಿಗಲೇ ಇಲ್ಲ. ಟಿಕೆಟ್ ಇಲ್ಲದಿದ್ದರೆ ಕೇಸೇ ನಿಲ್ಲಲ್ಲ ಅಂತ ಹೆದರಿಸಿದವರು ಬಹಳ. ಅದು ಸುಳ್ಳು. ರೀನಾ ದೇವಿ ಪ್ರಕರಣದಲ್ಲಿ 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ, ಹೆಣದ ಹತ್ತಿರ ಟಿಕೆಟ್ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಪ್ರಯಾಣಿಕ ಅಲ್ಲ ಅನ್ನುವಂತಿಲ್ಲ. ಮನೆಯವರು ಅಫಿಡವಿಟ್ ಹಾಕಿದ ಮೇಲೆ, ಅಲ್ಲ ಅಂತ ತೋರಿಸುವ ಹೊಣೆ ರೈಲ್ವೆಯದು. ನಾವು ಪಾಸಿನ ದುಡ್ಡು ಕಟ್ಟಾದ ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿದೆವು. ಬಾಗಿಲಲ್ಲಿ ನಿಂತದ್ದೇ ತಪ್ಪು ಅನ್ನುವ ವಾದವೂ ಇಂಥ ಕೇಸುಗಳಲ್ಲಿ ಬರುತ್ತದೆ. ಅದಕ್ಕೆ ಜಮೀಲಾ ಪ್ರಕರಣದ 2010ರ ತೀರ್ಪು ಇದೆ: ಅಜಾಗರೂಕತೆ ಇರಬಹುದು, ಅಪರಾಧ ಅಲ್ಲ, ಪರಿಹಾರ ತಪ್ಪುವುದಿಲ್ಲ.

ಅರ್ಜಿ ಹೋಗಬೇಕಾದದ್ದು ರೈಲ್ವೆ ಕ್ಲೇಮ್ಸ್ ಟ್ರಿಬ್ಯೂನಲ್‌ಗೆ, ಒಂದು ವರ್ಷದೊಳಗೆ. ತಡವಾದರೆ ಸರಿಯಾದ ಕಾರಣ ಕೊಡಬೇಕು.

ಇನ್ನು ನನಗೆ ಸಿಟ್ಟು ಬರಿಸುವ ಲೆಕ್ಕ. ಇದೇ ಭಾವ ರಸ್ತೆಯಲ್ಲಿ ಟೆಂಪೊ ಬಡಿದು ಸತ್ತಿದ್ದರೆ? ಮೋಟಾರು ಅಪಘಾತ ಟ್ರಿಬ್ಯೂನಲ್‌ನಲ್ಲಿ ದುಡಿಮೆ ನೋಡುತ್ತಾರೆ. ತಿಂಗಳಿಗೆ 20,000, ವರ್ಷಕ್ಕೆ 2,40,000. ವಯಸ್ಸು 40ಕ್ಕಿಂತ ಕಡಿಮೆ, ಕಾಯಂ ನೌಕರಿ ಅಲ್ಲ, ಹಾಗಾಗಿ ಮುಂದಿನ ಏರಿಕೆಗೆ ಶೇ 40 ಸೇರಿಸಿ, 3,36,000. ಹೆಂಡತಿ, ಇಬ್ಬರು ಮಕ್ಕಳು, ತಾಯಿ ಅವಲಂಬಿತರು. ಭಾವನ ಸ್ವಂತ ಖರ್ಚಿಗೆ ಅಂತ ಕಾಲು ಭಾಗ ಕಳೆದರೆ 2,52,000. ಇದನ್ನು ವಯಸ್ಸಿಗೆ ತಕ್ಕ ಒಂದು ಸಂಖ್ಯೆಯಿಂದ, ಅಂದರೆ ಗುಣಕದಿಂದ, ಗುಣಿಸುತ್ತಾರೆ; 38ರ ವಯಸ್ಸಿಗೆ ಅದು 15. ಒಟ್ಟು 37,80,000, ಅಂತ್ಯಕ್ರಿಯೆ ಇತ್ಯಾದಿ ಬೇರೆ. ಈ ಸೂತ್ರ 2009ರ ಸರಳಾ ವರ್ಮಾ ಮತ್ತು 2017ರ ಪ್ರಣಯ್ ಸೇಠಿ ತೀರ್ಪುಗಳದ್ದು. ಟೆಂಪೊ ನಿಲ್ಲದೆ ಓಡಿಹೋಗಿ ಗುರುತೇ ಸಿಗದಿದ್ದರೆ ಹಿಟ್ ಆ್ಯಂಡ್ ರನ್ ಯೋಜನೆಯ 2 ಲಕ್ಷ ಮಾತ್ರ. ಮನುಷ್ಯ ಒಬ್ಬನೇ, ಸತ್ತ ಜಾಗ ನೋಡಿ ರೇಟು.

ರಸ್ತೆ ಕೇಸಿನಲ್ಲಿ ಸಂಬಳದ ಪುರಾವೆಯೇ ಎಲ್ಲ. ಹೋಟೆಲ್‌ನಲ್ಲಿ ದುಡಿಯುವ ನಮ್ಮವರಿಗೆ ಎಷ್ಟೋ ಕಡೆ ಸಂಬಳ ಕೈಗೇ ಸಿಗುತ್ತದೆ, ಚೀಟಿ ಇರುವುದಿಲ್ಲ. ಆಮೇಲೆ ಪತ್ರ ಕೊಡಿ ಅಂದರೆ ಧಣಿಗಳು ಮೀನಮೇಷ ಎಣಿಸುತ್ತಾರೆ. ಬದುಕಿದ್ದಾಗಲೇ ಬ್ಯಾಂಕಿಗೆ ಹಾಕಿಸಿಕೊಳ್ಳಿ. ಹೆಂಡತಿ ಊರಿಗೆ ಮರಳಿದ್ದರೆ ಇಲ್ಲಿಗೆ ಅಲೆಯಬೇಕಿಲ್ಲ, ತಾನಿರುವ ಕಡೆಯೇ, ಅಂದರೆ ಉಡುಪಿಯಲ್ಲೇ, ಅರ್ಜಿ ಹಾಕಬಹುದು. ಅಪಘಾತವಾದ ಆರು ತಿಂಗಳೊಳಗೆ ಅರ್ಜಿ ಹಾಕಬೇಕು ಅನ್ನುವ ಗಡುವು 2022ರ ಏಪ್ರಿಲ್‌ನಿಂದ ಬಂದಿದೆ. ಅದನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದವರಿದ್ದಾರೆ, ಆದರೂ ಆರು ತಿಂಗಳೊಳಗೆ ಹಾಕಿಬಿಡುವುದೇ ಒಳ್ಳೇದು. ಚಾಲಕನ ಮೇಲಿನ ಪೊಲೀಸ್ ಕೇಸು ಬೇರೆ, ಈ ಅರ್ಜಿ ಬೇರೆ. ಅಲ್ಲಿ ಶಿಕ್ಷೆಯಾಗಲಿ ಅಂತ ಕಾಯುತ್ತಾ ಕೂರಬೇಡಿ.

ಶವಾಗಾರದ ಹೊರಗೇ ಒಬ್ಬ ಬಂದು ಅಣ್ಣನ ಕೈಗೆ ಕಾರ್ಡ್ ಕೊಟ್ಟಿದ್ದ. ಪರಿಹಾರ ಕೊಡಿಸುತ್ತೇನೆ, ಬಂದದ್ದರಲ್ಲಿ ಮೂರನೇ ಒಂದು ಪಾಲು ತನಗೆ ಅಂತ. ಅಂಥವರ ಹತ್ತಿರ ಹೋಗಬೇಕಿಲ್ಲ. ಹೆಂಗಸರಿಗೆ ಸಂಬಳ, ಆಸ್ತಿ ಯಾವುದನ್ನೂ ನೋಡದೆ ಸರ್ಕಾರವೇ ಪುಕ್ಕಟೆ ವಕೀಲರನ್ನು ಕೊಡುತ್ತದೆ. 1987ರ ಕಾನೂನು ಸೇವೆಗಳ ಕಾಯ್ದೆಯಲ್ಲೇ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋದರೆ ಸಾಕು, ಇಲ್ಲವೇ 15100ಕ್ಕೆ ಫೋನ್ ಮಾಡಿ. ಅಕ್ಕನಿಗೆ ಹಾಗೇ ಸಿಕ್ಕ ವಕೀಲೆ ತುಂಬಾ ಚುರುಕು. ನನ್ನನ್ನೇ ಬೈದು ಕಾಗದ ಜೋಡಿಸುತ್ತಾರೆ.

ಮುಂದಿನ ತಾರೀಕಿಗೆ ಗ್ರೂಪಿನ ಗೆಳೆಯರು ಸಾಕ್ಷಿ ಹೇಳಬೇಕು. ಅವರಿಗೆ ಆಫೀಸಿನಲ್ಲಿ ರಜೆ ಸಿಗುವುದು ಕಷ್ಟವಂತೆ. ಮ್ಯಾನೇಜರಿಗೆ ಕೊಡಲು ಒಂದು ಪತ್ರ ಬರೆಸಿಕೊಡಿ ಅಂತ ವಕೀಲೆಗೆ ನಿನ್ನೆ ಕೇಳಿದ್ದೇನೆ.